ಮೂರು ಸೊನ್ನೆ, ಒಂದು ಟಿಕೆಟ್

ನವನಗರದಲ್ಲಿ ಧಾರವಾಡದ ಸಾದಾ ಬಸ್ಸು ಹತ್ತಿ ಕೂತರೆ ಕಂಡಕ್ಟರ್ ಬಂದು ನಮ್ಮ ನಾಲ್ವರನ್ನೂ ಒಮ್ಮೆ ಎಣಿಸುತ್ತಾನೆ. ಹೆಂಡತಿಗೆ ಝೀರೋ ಟಿಕೆಟ್, ದೊಡ್ಡಾಕಿಗೆ ಝೀರೋ ಟಿಕೆಟ್, ಸಣ್ಣಾಕಿಗೆ ಝೀರೋ ಟಿಕೆಟ್. ಮೂರನ್ನೂ ಹರಿದು ಕೊಟ್ಟ ಮೇಲೆ ನನ್ನ ಕಡೆ ತಿರುಗಿ, "ನಿಮ್ದು ರೊಕ್ಕಾ ಕೊಡ್ರಿ" ಅನ್ನುತ್ತಾನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಸಾದಾ ಬಸ್ಸಿಗೆ ರೊಕ್ಕ ಕೊಡುವ ಪ್ರಾಣಿ ನಾನೊಬ್ಬನೇ. ಸಣ್ಣಾಕಿಯ ಕಣ್ಣಿಗೆ ಇದು ಮೊದಲ ಸಲ ಬಿದ್ದ ದಿನ, ಕಿಟಕಿಗೆ ಹಚ್ಚಿದ್ದ ಮೂಗು ತೆಗೆದು ಗಟ್ಟಿಯಾಗಿ ಕೇಳಿದಳು: "ಪಪ್ಪಾ, ನೀ ಏನ್ ತಪ್ಪ ಮಾಡೀ?"

ಆ ಸಾಲಿನಲ್ಲಿ ಕೂತಿದ್ದ ಅಷ್ಟೂ ಹೆಂಗಸರು ಉತ್ತರಕ್ಕಾಗಿ ನನ್ನ ಮಾರಿ ನೋಡಿದರು.

"ಗಂಡಸಾಗಿ ಹುಟ್ಟೀನಲ್ಲ ಪುಟ್ಟಿ, ಅದಕ" ಎಂದೆ.

"ಹಂಗಾರ ದಂಡ ಕಟ್ಟು" ಎಂದು ಆಕೆ ಮತ್ತೆ ಮೂಗನ್ನು ಕಿಟಕಿಗೆ ಹಚ್ಚಿದಳು. ಹೆಂಡತಿ ಏನೂ ಅನ್ನಲಿಲ್ಲ. ಏನೂ ಅನ್ನದೆ ಇರುವುದರಲ್ಲಿ ಆಕೆ ಬಹಳ ಪಳಗಿದವಳು.

ನಾನು ಹುಬ್ಬಳ್ಳಿಯ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವವ. ಸೊನ್ನೆಯ ಕಿಮ್ಮತ್ತು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದರ ಹಿಂದೆ ಮೂರು ಸೊನ್ನೆ ಬಂದರೆ ಸಾವಿರ. ಅವೇ ಮೂರು ಮುಂದೆ ಬಂದು ನಿಂತರೆ ಒಂದು ಒಂದಾಗಿಯೇ ಉಳಿಯುತ್ತದೆ. ನಮ್ಮ ಮನೆಯಲ್ಲಿ ಮೂರೂ ಸೊನ್ನೆ ಮುಂದೆ ಮುಂದೆ ನಡೆಯುತ್ತವೆ. ಒಂದು ಅನ್ನುವವನು ಚೀಲ ಹಿಡಿದು ಹಿಂದೆ ಬರುತ್ತಾನೆ.

ಮದುವೆಯಾಗಿ ಹನ್ನೆರಡು ವರ್ಷ. ನಾನು ಹುಬ್ಬಳ್ಳಿಯವ, ಆಕೆ ಧಾರವಾಡದವಳು. ಬೆಂಗಳೂರಿನವರ ಪಾಲಿಗೆ ಇದು ಒಂದೇ ಊರು. ನಡುವೆ ಒಂದು ಅಡ್ಡಗೆರೆ ಎಳೆದು ಒಂದೇ ಉಸಿರಿಗೆ ಬರೆದುಬಿಡುತ್ತಾರೆ. ಆ ಅಡ್ಡಗೆರೆಯ ಮೇಲೆ ಒಲೆ ಹೂಡಿದವರು ನಾವು. ನವನಗರವೆಂದರೆ ಆ ಗೆರೆ. ಮದುವೆಯ ಹೊತ್ತಿಗೆ ಆಕೆಗೆ ಧಾರವಾಡದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ, ನನಗೆ ಹುಬ್ಬಳ್ಳಿಯ ಕಚೇರಿ. ಯಾರು ಯಾರ ಊರಿಗೆ ಹೋಗಬೇಕು ಎಂದು ಎರಡೂ ಕಡೆಯ ಹಿರಿಯರು ಎರಡು ಭಾನುವಾರ ಕೂತು, ನಾಲ್ಕು ಸುತ್ತು ಚಹಾ ಕುಡಿದು, ಕಡೆಗೆ "ನಟ್ಟನಡುವ ನವನಗರದಾಗ ಇರ್ಲಿ" ಎಂದು ತೀರ್ಪು ಕೊಟ್ಟರು.

ಮನೆ ಹೂಡಿ ಒಂದು ತಿಂಗಳಾಗಿರಲಿಲ್ಲ. ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುತ್ತಲೇ ಅಂದಳು: "ಇದು ನಡು ಅಲ್ರೀ. ನಾ ದಿನಾ ಕೂತು ನೋಡಾಕತ್ತೀನಿ. ಧಾರವಾಡ ದೂರ ಐತಿ, ಹುಬ್ಬಳ್ಳಿ ಸಮೀಪ ಐತಿ. ಇದು ನಿಮ್ಮ ಊರಿನ ಹಿತ್ತಲಾ."

ನಾನು ಲೆಕ್ಕದ ಮನುಷ್ಯ, ದೂರದ ವಿಷಯದಲ್ಲಿ ಸುಳ್ಳು ಹೇಳಲಾಗದು. ಮಾತು ತಿರುಗಿಸಿದೆ. "ಎರಡೂ ಊರು ಕಾಯೋ ಪೊಲೀಸ್ ಕಮಿಷನರ ಆಫೀಸ ನವನಗರದಾಗ ಐತಿ. ಅವರಿಗೆ ಗೊತ್ತಿರಂಗಿಲ್ಲೇನ ನಡು ಯಾವುದಂತ?"

"ಜಗಳ ಎಲ್ಲೆ ಜಾಸ್ತಿನೋ ಪೊಲೀಸರು ಅಲ್ಲೇ ಕೂಡ್ರತಾರ" ಅಂದಳು.

ಅವತ್ತಿನಿಂದ ನಮ್ಮಲ್ಲಿ ಊರಿನ ಜಗಳ ಊಟದ ಜೊತೆ ಉಪ್ಪಿನಕಾಯಿಯ ಹಾಗೆ ಇದ್ದೇ ಇದೆ. 2023ರ ಮಾರ್ಚ್‌ನಲ್ಲಿ ಹುಬ್ಬಳ್ಳಿಯ ರೈಲ್ವೆ ಪ್ಲಾಟ್‌ಫಾರ್ಮು 1,507 ಮೀಟರಿನದು, ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಉದ್ಘಾಟನೆಯಾದಾಗ ನಾನೇ ಸಿಮೆಂಟು ಕಲಸಿದವನ ಹಾಗೆ ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ. ಆಕೆ ರೊಟ್ಟಿ ಬಡಿಯುತ್ತ, "ಊರು ಬಿಟ್ಟು ಹೋಗೋ ಮಂದಿ ಭಾಳ ಇರಬೇಕಲ್ರೀ" ಅಂದಳು. ನಾನು ಧಾರವಾಡದ ಮಳೆಯನ್ನು ಬೈದರೆ ಆಕೆ ಬೇಂದ್ರೆಯವರನ್ನು ಎದುರಿಗೆ ತಂದು ನಿಲ್ಲಿಸುತ್ತಾಳೆ. ಬೇಂದ್ರೆಯವರ ಎದುರು ನಿಲ್ಲಿಸಲಿಕ್ಕೆ ನನ್ನ ಹತ್ತಿರ ಮಿರ್ಚಿ ಭಜಿ ಬಿಟ್ಟರೆ ಏನೂ ಇಲ್ಲ.

ಗಂಗೂಬಾಯಿ ಹಾನಗಲ್ ಅವರ ವಿಷಯದಲ್ಲಿ ಮಾತ್ರ ಒಂದು ಇಡೀ ಸಂಜೆ ಹೋಯಿತು. ರೇಡಿಯೋದಲ್ಲಿ ಅವರ ದನಿ ಬಂತು. "ನಮ್ಮ ಹುಬ್ಬಳ್ಳಿಯವರು" ಎಂದೆ ನಾನು. ಬಾಳಿ ಬದುಕಿದ್ದೆಲ್ಲ ಹುಬ್ಬಳ್ಳಿಯಲ್ಲಿ, ಸುಳ್ಳೇ? "ಹುಟ್ಟಿದ್ದ ಧಾರವಾಡದಾಗ, 1913ರಾಗ, ಶುಕ್ರವಾರಪ್ಯಾಟ್ಯಾಗ" ಎಂದಳು ಆಕೆ, ಗ್ರಂಥಾಲಯದವಳಲ್ಲವೇ, ಓಣಿಯ ಹೆಸರನ್ನೂ ಬಿಡಲಿಲ್ಲ. ದನಿ ಏರಿತು; ರೇಡಿಯೋದಲ್ಲಿ ಅಲ್ಲ, ನಮ್ಮದು. ನೆಲದ ಮೇಲೆ ಕೂತು ಹೋಮ್‌ವರ್ಕ್ ಬರೆಯುತ್ತಿದ್ದ ದೊಡ್ಡಾಕಿ ತಲೆ ಎತ್ತದೆ, "ಹೆಸರ ಹಾನಗಲ್ ಐತಲಾ, ಹಾನಗಲ್ ಹಾವೇರಿ ಜಿಲ್ಲಾದಾಗ ಬರತೈತಿ. ನಿಮ್ಮಿಬ್ಬರದೂ ಅಲ್ಲ, ಸುಮ್ಮ ಕೇಳ್ರಿ" ಅಂದಳು. ನಾಲ್ಕನೇ ಇಯತ್ತೆಯ ಹುಡುಗಿ. ಇಬ್ಬರೂ ಸುಮ್ಮನೆ ಕೇಳಿದೆವು.

ಈ ಎರಡು ಊರುಗಳದೂ ಒಂದು ಸಂಸಾರವೇ. 1962ರಲ್ಲಿ ಒಂದೇ ಪಾಲಿಕೆಯಾಗಿ ಗಂಟು ಬಿತ್ತು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. ಆ ಸುದ್ದಿ ಬಂದ ಮುಂಜಾನೆ ನಮ್ಮ ಮನೆಯಲ್ಲಿ ಚಹಾ ತಡವಾಯಿತು. ಆಕೆ ಪೇಪರನ್ನು ಎರಡು ಸಲ ಓದಿ, ನೀಟಾಗಿ ಮಡಚಿ ಇಟ್ಟು, "ಪಾಪ, ಅರವತ್ತ ವರ್ಷದ ಮ್ಯಾಲ ತಾಳಿಕೊಂಡ್ಲು ಧಾರವಾಡ" ಎಂದು ನಿಟ್ಟುಸಿರು ಬಿಟ್ಟಳು. "ನಮ್ಮದು ಇನ್ನ ಹನ್ನೊಂದ."

"ಹಂಗಾರ ನವನಗರ ಯಾರ ಕಡೆ?" ಸಣ್ಣಾಕಿ ಕೇಳಿದಳು. ನಾನು ಹೆಂಡತಿಯ ಮಾರಿ ನೋಡಿದೆ, ಆಕೆ ನನ್ನ ಮಾರಿ ನೋಡಿದಳು. ಹಾಲು ಉಕ್ಕಿದ್ದರಿಂದ ಆ ಪ್ರಶ್ನೆ ಅಲ್ಲಿಗೇ ನಿಂತಿತು.

ಮನೆಗೆ ಯಜಮಾನ ನಾನಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೇ ತಿಳಿದಿದ್ದೆ. ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ ಎಂದು 2013ರ ಆಹಾರ ಭದ್ರತಾ ಕಾಯ್ದೆ ಹೇಳಿತು. ನಾನು ನಮ್ಮ ಮನೆಯಲ್ಲಿ ಅಧಿಕಾರ ವಹಿಸಿಕೊಂಡ ಹೊತ್ತಿಗೆ ಅಧಿಕಾರವೇ ರದ್ದಾಗಿತ್ತು. ಮುಂದೆ ಗೃಹಲಕ್ಷ್ಮಿ ಬಂತು. ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಗೆ. ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲವೆಂದು ನಮ್ಮ ಮನೆಗೆ ಆ ರೊಕ್ಕ ಬರಲಿಲ್ಲ. ಆದರೆ ಯಜಮಾನಿ ಎಂಬ ಪದ ಮಾತ್ರ ಖರ್ಚಿಲ್ಲದೆ ಮನೆಗೆ ಬಂದು ಟಿವಿಯ ಎದುರಿನ ಕುರ್ಚಿಯಲ್ಲಿ ಕೂತಿತು. ಅದು ಮೊದಲು ನಾನು ಕೂರುತ್ತಿದ್ದ ಕುರ್ಚಿ.

ಇನ್ನು ನೀರಿನ ಸಂಗತಿ. ನಳಾ ಬರುವ ದಿನ ನಮ್ಮಲ್ಲಿ ಹಬ್ಬಕ್ಕಿಂತ ದೊಡ್ಡದು. ಹಬ್ಬದ ತಾರೀಖಾದರೂ ಕ್ಯಾಲೆಂಡರಿನಲ್ಲಿ ಇರುತ್ತದೆ. ಮಲಪ್ರಭೆ ಸವದತ್ತಿಯಿಂದ ಇಷ್ಟು ದೂರ ಪೈಪಿನಲ್ಲಿ ಬರುವುದು ನಮ್ಮ ಮನೆಯ ಮೂರು ತಲೆ ಎರೆಯಲಿಕ್ಕೆ ಎಂಬುದು ನನಗೆ ಗೊತ್ತಾದದ್ದು ಹೆಣ್ಣುಮಕ್ಕಳ ಕೂದಲು ಬೆನ್ನಿಗಿಳಿದ ಮೇಲೆ. ನನ್ನ ತಲೆಗೆ ಒಂದು ತಂಬಿಗೆ ಸಾಕು. ಎರೆಯಲಿಕ್ಕೆ ಅಲ್ಲಿ ಇರುವುದೂ ಅಷ್ಟೇ.

ಆ ಕೂದಲಿನ ಕಥೆ ಹೇಳಲೇಬೇಕು.

ಹೋದ ವರ್ಷ ಒಂದು ಮುಂಜಾನೆ ಹೆಂಡತಿಗೆ ಪರೀಕ್ಷೆಯ ಡ್ಯೂಟಿ ಬಿತ್ತು. ಏಳಕ್ಕೇ ಹೊರಟು ನಿಂತವಳು ಬಾಗಿಲಲ್ಲಿ ತಿರುಗಿ, "ಡಬ್ಬಿ ಕಟ್ಟೀನಿ, ನೀರು ತುಂಬೀನಿ. ಹೆರಳ ಅಷ್ಟ ಹಾಕಿ ಕಳಸ್ರಿ" ಅಂದಳು. ಅಷ್ಟೇ ಅಲ್ಲವೇ ಎಂದೆ. ಮನೆಯಲ್ಲಿ ಎರಡು ತಲೆ, ತಲೆಗೆ ಎರಡು ಹೆರಳು, ಒಟ್ಟು ನಾಲ್ಕು. ಕೈಯಲ್ಲಿರುವ ವೇಳೆ ಮೂವತ್ತೈದು ನಿಮಿಷ. ಭಾಗಿಸಿದರೆ ಒಂದು ಹೆರಳಿಗೆ ಎಂಟೂ ಮುಕ್ಕಾಲು ನಿಮಿಷ ಬಂತು. ಅಷ್ಟು ವೇಳೆಯಲ್ಲಿ ನಾನು ಒಂದು ತಿಂಗಳ ವೋಚರು ಜೋಡಿಸುತ್ತೇನೆ.

ಸಣ್ಣಾಕಿಯನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಕೊಬ್ಬರಿ ಎಣ್ಣೆ ಸುರಿದೆ. ಹಚ್ಚಬೇಕಿತ್ತಂತೆ, ಸುರಿಯಬಾರದಿತ್ತಂತೆ, ಇದು ಪಕ್ಕದಲ್ಲಿ ನಿಂತ ದೊಡ್ಡಾಕಿಯ ಆಡಿಟ್ ಟಿಪ್ಪಣಿ. ಹಣಿಗೆಯ ತುದಿಯಿಂದ ಬೈತಲೆ ತೆಗೆಯತೊಡಗಿದೆ. ಹಣೆಯ ನಡುವಿನಿಂದ ಹೊರಟ ಗೆರೆ ನೆತ್ತಿಯವರೆಗೆ ಸರಿಯಾಗಿಯೇ ಹೋಯಿತು. ಅಷ್ಟರಲ್ಲಿ ಆಕೆಗೆ ಸೀನು ಬಂತು. ಗೆರೆ ಎಡಕ್ಕೆ ವಾಲಿ, ಕಿವಿಯ ಹಿಂದೆ ಹಾದು, ಎಲ್ಲೋ ಮಾಯವಾಯಿತು. ಒಂದು ಕಡೆ ಕೂದಲು ಹಿಡಿ ತುಂಬ, ಇನ್ನೊಂದು ಕಡೆ ಇಲಿಯ ಬಾಲದಷ್ಟು. ಮತ್ತೆ ತೆಗೆದೆ. ಈ ಸಲ ಆಕೆ ಬಾಗಿಲಲ್ಲಿ ಬಂದ ಬೆಕ್ಕನ್ನು ನೋಡಲು ತಿರುಗಿದಳು.

ಮೂರನೇ ಯತ್ನಕ್ಕೆ ಬೈತಲೆಯನ್ನು ಅದರ ಹಣೆಬರಹಕ್ಕೆ ಬಿಟ್ಟು ಹೆರಳಿಗೆ ಕೈ ಹಾಕಿದೆ. ಮೂರು ಕಾಲು, ಬಲದ್ದು ನಡುವೆ, ಎಡದ್ದು ನಡುವೆ. ವಿದ್ಯೆ ಇಷ್ಟೇ ಎನಿಸಿತು. ಕಿವಿಯ ಕೆಳಗೆ ಬಂದಾಗ ಮೂರೇ ಇದ್ದವು. ಭುಜಕ್ಕೆ ಇಳಿಯುವಾಗ ನೋಡುತ್ತೇನೆ, ಕೈಯಲ್ಲಿ ನಾಲ್ಕು ಕಾಲು! ನಾಲ್ಕನೆಯದು ಎಲ್ಲಿಂದ ಜಮೆ ಆಯಿತು? ಇಪ್ಪತ್ತು ವರ್ಷ ಲೆಕ್ಕ ಬರೆದಿದ್ದೇನೆ, ಖರ್ಚು ಜಾಸ್ತಿಯಾದದ್ದು ನೋಡಿದ್ದೇನೆ, ಹೀಗೆ ಯಾರೂ ಕೊಡದೆ ಜಮೆಯಾದದ್ದು ನೋಡಿರಲಿಲ್ಲ. ಬಿಚ್ಚಿ ತಾಳೆ ನೋಡಲು ವೇಳೆ ಇರಲಿಲ್ಲ. ನಾಲ್ಕನ್ನೂ ಹೊಸೆದು ಹಗ್ಗ ಮಾಡಿದೆ. ಕೆಂಪು ರಿಬ್ಬನ್ನಿನ ಹೂವು ಕಟ್ಟಲು ಹೋದರೆ ಅದು ಎಣ್ಣೆಯಲ್ಲಿ ಜಾರಿ ಜಾರಿ ಬೀಳುತ್ತಿತ್ತು. ಕಚೇರಿಯ ಬ್ಯಾಗಿನಲ್ಲಿ ಬಿಲ್ಲು ಕಚ್ಚಿಸುವ ಕರಿ ಕ್ಲಿಪ್ಪುಗಳಿದ್ದವು. ಎರಡು ತೆಗೆದು ಕಚ್ಚಿಸಿದೆ. ಗಟ್ಟಿ ನಿಂತವು.

ದೊಡ್ಡಾಕಿ ಇಷ್ಟನ್ನೂ ನೋಡಿ ಹಣಿಗೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, "ನಾ ಹಾಕ್ಕೋತೀನಿ ಪಪ್ಪಾ, ನೀ ಚಹಾ ಕುಡಿ" ಅಂದಳು. ಅವಮಾನ ಮಾಡುವಾಗಲೂ ಚಹಾ ಕೊಡುವುದು ತಾಯಿಯಿಂದ ಬಂದ ಗುಣ.

ಸಂಜೆ ಸಣ್ಣಾಕಿಯ ಡೈರಿಯಲ್ಲಿ ಟೀಚರ ಕೈಬರಹವಿತ್ತು: "ಮನೆಯಲ್ಲಿ ತಾಯಿಯವರು ಆರಾಮಿದ್ದಾರೆಯೇ? ದಯವಿಟ್ಟು ತಿಳಿಸಿ." ಹೆಂಡತಿ ಅದನ್ನು ಓದಿ, ಕೆಳಗೆ "ಆರಾಮಿದ್ದೇನೆ" ಎಂದು ಸಹಿ ಹಾಕಿದಳು. ಕ್ಲಿಪ್ಪುಗಳನ್ನು ಬಿಡಿಸಿ, ತೊಳೆದು, ನನ್ನ ಬ್ಯಾಗಿನಲ್ಲಿ ಇಟ್ಟಳು. ಏನೂ ಅನ್ನಲಿಲ್ಲ.

ಇಷ್ಟರ ಮೇಲೂ ಮನೆಯಲ್ಲಿ ನನಗೊಂದಿಷ್ಟು ಮರ್ಯಾದೆ ಉಳಿದಿತ್ತು. ಅದನ್ನು ಕಳೆದದ್ದು ಗೌರಿ ಹುಣ್ಣಿಮೆ.

ನಮ್ಮ ಕಡೆ ಈ ಹುಣ್ಣಿಮೆ ಹೆಣ್ಣುಮಕ್ಕಳದು. ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದು ಆನೆ, ಒಂಟೆ, ನವಿಲು, ತೇರು, ಬಸವಣ್ಣ ಮಾಡುತ್ತಾರೆ. ಬಿಳಿ, ಗುಲಾಬಿ, ಹಳದಿ. ಹೊಸ ಲಂಗ ಉಟ್ಟ ಹುಡುಗಿಯರು ಅವನ್ನು ತಾಟಿನಲ್ಲಿ ಜೋಡಿಸಿ, ದೀಪ ಹಚ್ಚಿ, ಗೌರಿಗೆ ಸಕ್ಕರೆ ಆರತಿ ಬೆಳಗಿ ಬರುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸಕ್ಕರೆ ಆರತಿ ಬರಬೇಕು. ನಮ್ಮ ಮನೆಯಿಂದ ಧಾರವಾಡಕ್ಕೆ ಹೋದ ಆರತಿಯಲ್ಲಿ ಒಂಟೆಯ ಕಾಲು ಮುರಿದಿತ್ತು ಎಂಬುದನ್ನು ನಮ್ಮ ಅತ್ತೆ ಇವತ್ತಿಗೂ ಮರೆತಿಲ್ಲ.

ಈ ಸಲ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ ನಾನೇ ಆರಿಸಿ ತಂದೆ. ಎರಡು ತೇರು, ಆರು ಸಣ್ಣ ಗೊಂಬೆ, ಒಂದು ಗುಲಾಬಿ ಆನೆ, ಒಂದು ಬಿಳಿ ನವಿಲು. ಹಂಚಿಕೆಗೆ ಮುಕ್ಕಾಲು ಗಂಟೆ ಬೇಕಾಯಿತು. ನವಿಲು ದೊಡ್ಡಾಕಿಗೆ, ಆನೆ ಸಣ್ಣಾಕಿಗೆ, ಉಳಿದದ್ದು ಸಮಪಾಲು ಎಂದು ಒಪ್ಪಂದವಾಗಿ ಎರಡು ತಾಟುಗಳನ್ನು ದೇವರ ಮುಂದೆ ಮುಚ್ಚಿಟ್ಟರು.

ರಾತ್ರಿ ಹನ್ನೊಂದೂವರೆ. ನೀರು ಕುಡಿಯಲು ಎದ್ದೆ. ಸಕ್ಕರೆ ಮುಟ್ಟಬಾರದೆಂದು ಡಾಕ್ಟರು ಹೇಳಿ ನಾಲ್ಕು ತಿಂಗಳಾಗಿತ್ತು. ತಾಟಿನ ಮೇಲಿನ ಅರಿವೆ ಸ್ವಲ್ಪ ಸರಿದಿತ್ತು. ಆನೆಯ ಸೊಂಡಿಲು ಹೊರಗೆ ಚಾಚಿತ್ತು. ನಾನಾಗಿ ಹೋಗಲಿಲ್ಲ, ಅದೇ ಕರೆಯಿತು ಎಂದು ಆಮೇಲೆ ವಾದಿಸಿದೆ. ಬಾಗಿ, ಕೈ ಹಚ್ಚದೆ, ಹಲ್ಲಿನಿಂದಲೇ ಕಟಕ್ಕೆಂದು ಮುರಿದೆ. ಬಾಯಲ್ಲಿ ಕರಗಿದ ಮೇಲೆ ನ್ಯಾಯದ ವಿಚಾರ ಬಂತು. ಒಬ್ಬ ಮಗಳದು ತಿಂದು ಇನ್ನೊಬ್ಬಳದು ಬಿಟ್ಟರೆ ತಂದೆ ಭೇದ ಮಾಡಿದ ಹಾಗಾಗುತ್ತದೆ. ನವಿಲಿನ ಕೊಕ್ಕನ್ನೂ ತಿಂದೆ.

ಮುಂಜಾನೆ ಕಿರುಚಾಟಕ್ಕೇ ಎಚ್ಚರವಾಯಿತು.

"ಇರುವಿ ಹತ್ತಿರಬೇಕು" ಎಂದೆ, ಹಾಸಿಗೆಯಿಂದಲೇ.

ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಶುರುವಾದದ್ದು ನಮ್ಮ ನವನಗರದಲ್ಲೇ. ಅದರ ಗಾಳಿ ಓಣಿಗೆಲ್ಲ ಬೀಸುತ್ತದೆಯೋ ಏನೋ, ದೊಡ್ಡಾಕಿ ಕೂದಲು ಕೆದರಿಕೊಂಡೇ ವಿಚಾರಣೆ ಶುರು ಮಾಡಿದಳು. ಇರುವೆ ತಿಂದಿದ್ದರೆ ತಾಟಿನಲ್ಲಿ ಒಂದಾದರೂ ಇರುವೆ ಇರಬೇಕಿತ್ತು, ಇಲ್ಲ. ಇರುವೆಗೆ ಸೊಂಡಿಲು ಬೇಕು, ಕೊಕ್ಕು ಬೇಕು ಎಂದು ಆರಿಸಲು ಬರುವುದಿಲ್ಲ. ಇಷ್ಟು ಹೇಳಿ ಆನೆಯನ್ನು ಬೆಳಕಿಗೆ ಹಿಡಿದಳು. ಮುರಿದ ಜಾಗದಲ್ಲಿ ಹಲ್ಲಿನ ಗುರುತು. ನಡುವೆ ಒಂದು ಸಣ್ಣ ಏಣು.

"ಪಪ್ಪಾ, ಆ ಮಾಡು."

ನನ್ನ ಮುಂದಿನ ಹಲ್ಲೊಂದರ ಮೂಲೆ ಮುರಿದದ್ದು ಕಾಲೇಜಿನ ದಿನಗಳಲ್ಲಿ, ಕ್ರಿಕೆಟ್ ಆಡುವಾಗ. ಇಷ್ಟು ವರ್ಷ ಅದನ್ನು ಶೌರ್ಯದ ಗುರುತೆಂದು ಮಕ್ಕಳಿಗೆ ತೋರಿಸುತ್ತ ಬಂದಿದ್ದೆ. ಆನೆಯನ್ನು ತಂದು ಹಲ್ಲಿಗೆ ಹಚ್ಚಿದಳು. ಏಣು ಆ ಸಂದಿನಲ್ಲಿ ಸರಿಯಾಗಿ ಕೂತಿತು.

ಸಣ್ಣಾಕಿ ಅಳುವುದನ್ನು ನಿಲ್ಲಿಸಿ ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಾತ್ರ ಈ ಸಲ ಬಾಯಿ ಬಿಟ್ಟಳು: "ಶುಗರ್ ಚೆಕ್ ಮಾಡಿಸಿ ಎಷ್ಟ ದಿನಾ ಆತ್ರೀ?"

ಬೇರೆ ಆನೆ ತರಲು ಅಂಗಡಿ ತೆರೆಯುವ ಹೊತ್ತಾಗಿರಲಿಲ್ಲ, ಸಂಜೆ ನಾನು ಕಚೇರಿಯಿಂದ ಬರುವಷ್ಟರಲ್ಲಿ ಆರತಿಗೆ ಹೊರಟೇಬಿಟ್ಟಿದ್ದರು. ಸೊಂಡಿಲಿಲ್ಲದ ಆನೆಯನ್ನೇ ತಾಟಿನ ನಡುವೆ ಇಟ್ಟುಕೊಂಡು ಸಣ್ಣಾಕಿ ಓಣಿಯ ಗುಡಿಗೆ ನಡೆದಳು. ಆಕೆಗೆ ನಾಚಿಕೆಯೇನೂ ಇರಲಿಲ್ಲ. ನೋಡಿದವರಿಗೆಲ್ಲ ತಾಟನ್ನು ತುಸು ತಗ್ಗಿಸಿ, "ಇದು ನಮ್ಮ ಪಪ್ಪಾ ತಿಂದ ಆನಿ" ಎಂದು ಪರಿಚಯ ಮಾಡಿಸುತ್ತಿದ್ದಳಂತೆ. ಗುಡಿಯ ಹತ್ತಿರದ ಅಜ್ಜಿಯರಿಗೆ ಈಗ ನನ್ನ ಹೆಸರು, ಕೆಲಸ ಯಾವುದೂ ಬೇಡ. ಹಾಲು ತರಲು ಹೋದರೆ, "ಆನಿ ತಿಂದಾಂವ ಬಂದ ನೋಡ್ರವ್ವಾ" ಅನ್ನುತ್ತಾರೆ.

ರಿಪೋರ್ಟು ಬಂತು. ಖಾಲಿ ಹೊಟ್ಟೆಯಲ್ಲಿ 118. ನೂರರ ಒಳಗಿರಬೇಕಿತ್ತು. ಲೆಕ್ಕದವನಿಗೆ ಹದಿನೆಂಟು ಹೆಚ್ಚುವರಿ ಎಂದರೆ ಲಾಭ. ಡಾಕ್ಟರು ಹಾಗೆ ಓದಲಿಲ್ಲ.

ಮುಂದಿನ ಭಾನುವಾರ ಧಾರವಾಡಕ್ಕೆ ಹೋದೆವು. ಅದೇ ಸಾದಾ ಬಸ್ಸು, ಮೂರು ಸೊನ್ನೆ, ಒಂದು ಟಿಕೆಟ್. ಅತ್ತೆಯವರು ರೂಢಿಯಂತೆ ಪೇಡೆಯ ಬಾಕ್ಸು ತಂದರು. ಒಂದು ಪೇಡೆಯನ್ನು ಎಲ್ಲರಿಗಿಂತ ಮೊದಲು "ಅಳಿಯಂದ್ರು ತಗೋರಿ" ಎಂದು ನನ್ನ ಮುಂದೆ ಹಿಡಿಯುವುದು ಹನ್ನೆರಡು ವರ್ಷದ ಪದ್ಧತಿ. ನಾನು ಕೈ ಚಾಚಿದೆ. ಎರಡು ಪುಟ್ಟ ಕೈ ಎರಡೂ ಕಡೆಯಿಂದ ಬಂದು ನನ್ನ ಕೈಯನ್ನು ಹಿಂದಕ್ಕೆ ಎಳೆದವು. ಅತ್ತೆಯವರಿಗೆ ವಿಷಯ ವಿವರವಾಗಿ, ಹಲ್ಲಿನ ಸಂದಿನ ಸಮೇತ, ನಿವೇದನೆಯಾಯಿತು. ಅವರು ಪೇಡೆಯನ್ನು ವಾಪಸು ಬಾಕ್ಸಿಗೆ ಇಡುತ್ತ, "ಅವತ್ತ ಒಂಟಿ ಕಾಲ ಹೆಂಗ ಮುರದಿತ್ತಂತ ಈಗ ತಿಳೀತ ನೋಡವ್ವಾ" ಎಂದು ಮಗಳಿಗೆ ಹೇಳಿದರು.

ಆಣೆ ಮಾಡಿ ಹೇಳುತ್ತೇನೆ, ಆ ಒಂಟೆಯನ್ನು ನಾನು ತಿಂದಿಲ್ಲ. ಯಾರೂ ನಂಬಲಿಲ್ಲ.

ಈಗ ನಮ್ಮ ಫ್ರಿಜ್ಜಿನ ಮೇಲೆ ದೊಡ್ಡಾಕಿಯ ದುಂಡನೆಯ ಅಕ್ಷರದಲ್ಲಿ ಒಂದು ಚೀಟಿ ಇದೆ: "ಪಪ್ಪಾಗೆ ಪೇಡೆ, ಸಕ್ಕರೆ, ಬೆಲ್ಲ ಕೊಡಬಾರದು. ಇಂತಿ, ಮನೆಯವರು." ನಮ್ಮ ಭಾಷೆಯಲ್ಲಿ ಮನೆಯವರು ಎಂದರೆ ಗಂಡ ಎಂದೂ ಅರ್ಥವಿದೆ, ಹೆಂಡತಿ ನೆರೆಯವರ ಮುಂದೆ ನನ್ನನ್ನು ಹಾಗೇ ಕರೆಯುತ್ತಿದ್ದಳು. ಚೀಟಿಯ ಕೆಳಗೆ ಸಹಿ ಮೂರಿವೆ. ನನ್ನದಿಲ್ಲ.

ಓದುಗರಲ್ಲಿ ಯಾರಾದರೂ ಧಾರವಾಡದ ಕಡೆಯಿಂದ ಪೇಡೆ ತರುವವರಿದ್ದರೆ ಒಂದು ವಿನಂತಿ: ನವನಗರದಲ್ಲಿ ಇಳಿಯಬೇಡಿರಿ. ಸೀದಾ ಹುಬ್ಬಳ್ಳಿಗೆ, ಕಚೇರಿಗೇ ಬಂದುಬಿಡಿರಿ. ಮಧ್ಯಾಹ್ನ ಎರಡರಿಂದ ಮೂರು ನಾನು ಒಬ್ಬನೇ ಇರುತ್ತೇನೆ.